ಬಾವಿಯ ತಳಕ್ಕೆ ಚುಕ್ಕಿ ಇಟ್ಟವಳು

ನಾನು ಒಂದು ಪಾತಾಳಗರಡಿ. ಬಾವಿಗೆ ಬಿದ್ದ ಬಿಂದಿಗೆ, ಕೊಡ, ಚೊಂಬುಗಳನ್ನು ಕೊಕ್ಕೆ ಹಾಕಿ ಮೇಲೆತ್ತುವುದು ನನ್ನ ಕಸುಬು. ಹುಟ್ಟಿದ್ದು ಮಳವಳ್ಳಿಯ ಮರಿಯಾಚಾರಿಯ ಕುಲುಮೆಯಲ್ಲಿ. ಒಂದು ಕಬ್ಬಿಣದ ಬಳೆ, ಅದರ ಸುತ್ತ ಕೊಕ್ಕೆಗಳು. ಆಚಾರಿ ನನ್ನನ್ನು ಎತ್ತಿ ಹಿಡಿದು, "ಲಕ್ಷಣವಾಗಿದ್ದೀಯ ಬುಡು" ಅಂದ. ಅಂಥ ಒಳ್ಳೆ ಮಾತನ್ನು ಆಮೇಲೆ ಯಾರ ಬಾಯಲ್ಲೂ ನಾನು ಕೇಳಿಲ್ಲ.

ನನ್ನನ್ನು ಕೊಂಡವಳು ಕೋಟೆ ಬೀದಿಯ ಸಾಕಮ್ಮ. ಇಡೀ ಬೀದಿಗೆ ಇದ್ದದ್ದು ನಾನೊಂದೇ. ನನ್ನ ಗತ್ತು ನೀವು ನೋಡಬೇಕಿತ್ತು. ನಾನು ಬೇಕೆಂದವರು ತಮ್ಮ ಮನೆಯ ಒಂದು ಪಾತ್ರೆಯನ್ನು ಸಾಕಮ್ಮನ ಜಗಲಿಯ ಮೇಲೆ ಅಡ ಇಟ್ಟೇ ಒಯ್ಯಬೇಕು. ಅದು ಪದ್ಧತಿ. "ಸುಮ್ಕೆ ಕೊಟ್ರೆ ನಮ್ಮನೆ ಬಿಂದ್ಗೇನೂ ಬಾವಿಗ್ ಬೀಳ್ತದೆ" ಅನ್ನುತ್ತಿದ್ದಳು ಸಾಕಮ್ಮ. ಜಗಲಿಯ ಮೇಲೆ ಯಾರ ಪಾತ್ರೆ ಕೂತಿದೆಯೋ ಅವರ ಮನೆಯ ಬಾವಿಯಲ್ಲಿ ಏನೋ ಮುಳುಗಿದೆ ಎಂದು ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಜನ ಹುಡುಕುವ ಚಂದವನ್ನು ಏನು ಹೇಳಲಿ. ಕೈ ಜಾರಿದ ಜಾಗದಲ್ಲೇ ನನ್ನನ್ನು ಇಳಿಬಿಡುತ್ತಾರೆ. ಬಿಂದಿಗೆ ಇವರಿಗಾಗಿ ಅಲ್ಲೇ ಕಾದು ಕೂತಿರುತ್ತದೆಯೆ? ಅದು ತೇಲುತ್ತ ಹೋಗಿ, ನೀರು ತುಂಬಿಕೊಂಡು ಇನ್ನೆಲ್ಲೋ ಮುಳುಗಿರುತ್ತದೆ. ಸಿಗದಿದ್ದರೆ ಮತ್ತೆ ಅದೇ ಜಾಗ. ಹುಡುಕಿದ್ದನ್ನೇ ಹುಡುಕಿ ಕೊನೆಗೆ "ಹಾಳಾದ್ದು, ಈ ಗರಡೀನೇ ಸರಿಯಿಲ್ಲ" ಅನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಎದುರು ಮನೆ ದೇವೀರಮ್ಮನ ಸೊಸೆ ವನಜಾಕ್ಷಿ ಓಡಿಬಂದಳು. ಮದುವೆಯಾದ ಹೊಸತು. ಅತ್ತೆ ತವರಿನಿಂದ ತಂದಿದ್ದ ತಾಮ್ರದ ಬಿಂದಿಗೆ ಹಗ್ಗದಿಂದ ಕಳಚಿಕೊಂಡು ಬಾವಿಗೆ ಬಿದ್ದಿತ್ತು. ಅಣ್ಣನ ಮನೆಗೆ ಹೋಗಿದ್ದ ಅತ್ತೆ ಮಧ್ಯಾಹ್ನದ ಬಸ್ಸಿಗೆ ಬರುವವಳು. ದೇವೀರಮ್ಮನ ಬಾಯಿಗೆ ಬೀದಿಯ ನಾಯಿಗಳೂ ಹೆದರುತ್ತಿದ್ದವು.

"ಬಸ್ ಬರೋದ್ರೊಳಗೆ ಸಿಗ್ದಿದ್ರೆ ಸಾಯೋಗಂಟ ಇದೇ ಮಾತು ಕೇಳ್ಬೇಕು ಸಾಕಮ್ಮತ್ತೆ" ಎಂದು ಕಣ್ಣೀರು ಹಾಕಿದಳು.

"ಅಳಬ್ಯಾಡ. ಮೊದ್ಲು ಅಡ ಮಡಗು" ಅಂದಳು ಸಾಕಮ್ಮ.

ಗಾಬರಿಯಲ್ಲಿ ಹುಡುಗಿ ತಂದಿಟ್ಟದ್ದು ಅತ್ತೆಯ ಹೆಸರು ಕೆತ್ತಿದ್ದ ಹಿತ್ತಾಳೆ ತಪ್ಪಲೆಯನ್ನು.

ದೇವೀರಮ್ಮನ ಹಿತ್ತಲಿನ ಬಾವಿ ಚೌಕದ್ದು. ವನಜಾಕ್ಷಿ ರಂಗೋಲಿ ಡಬ್ಬ ತಂದು, ಕಟ್ಟೆಯ ನಾಲ್ಕು ಬದಿಗೂ ಗೇಣಿಗೊಂದು ಚುಕ್ಕಿ ಇಟ್ಟಳು. ನನ್ನ ಕೊಕ್ಕೆಗಳ ಹರವೂ ಒಂದು ಗೇಣು. ಪಕ್ಕದ ನೆಲದ ಮೇಲೆ ಬಾವಿಯಂಥದೇ ಚೌಕ ಬರೆದು ಅದರ ತುಂಬ ಚುಕ್ಕಿ ಇಟ್ಟಳು. ನನ್ನ ಬಳೆಗೆ ಎರಡು ಹಗ್ಗ ಕಟ್ಟಿ ಒಂದನ್ನು ಸಾಕಮ್ಮನ ಕೈಗೆ ಕೊಟ್ಟು ಎದುರು ಕಟ್ಟೆಗೆ ಕಳಿಸಿದಳು. ಇಬ್ಬರೂ ಎರಡು ಕಡೆಯಿಂದ ಎಳೆದು ಸಡಿಲಿಸಿದರೆ ನಾನು ಬೇಕಾದ ಚುಕ್ಕಿಯ ನೇರಕ್ಕೇ ಇಳಿಯುತ್ತಿದ್ದೆ.

"ಇಷ್ಟು ಚುಕ್ಕಿಗೂ ಇಳಿಸ್ತಾ ಕೂತ್ರೆ ಕತ್ಲಾಯ್ತದೆ ಕನವ್ವ" ಎಂದು ಸಾಕಮ್ಮ ಗೊಣಗಿದಳು.

"ಇಷ್ಟಕ್ಕೂ ಯಾಕೆ? ಬಿಂದ್ಗೆ ಹೊಟ್ಟೆ ಎರಡು ಗೇಣು. ಒಂದು ಬಿಟ್ಟು ಒಂದಕ್ಕೆ ಇಳಿಸುವಾ. ಮುಂದಿನ ಸಾಲಲ್ಲಿ ಸಂದಿಗೆ, ಸಂದು ಚುಕ್ಕಿ ಇಡೋ ಹಂಗೆ. ಎಲ್ಲಿ ಮಲಗಿದ್ರೂ ತಗಲ್ಲೇಬೇಕು."

ಅಬ್ಬಾ, ನನ್ನ ಜೀವಮಾನದಲ್ಲಿ ಮೊದಲ ಸಲ ಬುದ್ಧಿಯಿರುವ ಕೈಗೆ ಸಿಕ್ಕಿದ್ದೆ. ಇಳಿದೆ, ಕೆಸರು ಮುಟ್ಟಿದೆ, ಮೇಲೆ ಬಂದೆ. ಅವಳು ನೆಲದ ಮೇಲಿನ ಆ ಚುಕ್ಕಿಯನ್ನು ಅಳಿಸಿದಳು. ಅಳಿಸಿದ ಜಾಗಕ್ಕೆ ಮತ್ತೆ ನನ್ನನ್ನು ಕಳಿಸಲಿಲ್ಲ. ಮೂರನೇ ಸಾಲಿನಲ್ಲಿ ಠಣ್ ಅಂದಿತು. ಆಮೇಲೆ ಬೇರೆ ಕಡೆ ತಲೆಹಾಕದೆ, ಅದರ ಸುತ್ತಲಿನ ಚುಕ್ಕಿಗಳಿಗೆ ಮಾತ್ರ ಇಳಿಸಿದರು. ಬಿಂದಿಗೆಯ ಕಂಠ ಕೊಕ್ಕೆಗೆ ಸಿಕ್ಕಿತು.

ಬಿಂದಿಗೆ ಕಟ್ಟೆಯ ಮೇಲೆ ಬಂದು ಕೂತ ಹೊತ್ತಿಗೇ ದೇವೀರಮ್ಮ ಹಿತ್ತಲ ಬಾಗಿಲಲ್ಲಿ ಬಂದು ನಿಂತಳು. ಅವಳ ಕಂಕುಳಲ್ಲಿ ಆ ಹಿತ್ತಾಳೆ ತಪ್ಪಲೆ. ಬಸ್ಸಿಳಿದು ಬರುವಾಗ ಜಗಲಿಯ ಮೇಲೆ ತನ್ನದೇ ಹೆಸರನ್ನು ನೋಡಿದ್ದಳು. ವನಜಾಕ್ಷಿ ಬಿಂದಿಗೆಗೆ ಅಡ್ಡ ನಿಂತಳು.

ಬೈಗುಳ ಬರಲಿಲ್ಲ. ದೇವೀರಮ್ಮ ಬಿಂದಿಗೆಯನ್ನು ತಿರುಗಿಯೂ ನೋಡದೆ ನೆಲದಲ್ಲಿ ಉಳಿದಿದ್ದ ಚುಕ್ಕಿಗಳನ್ನೇ ನೋಡಿದಳು. "ಏನೇ ಇದು?" ಅಂದಳು. ಸೊಸೆ ತೊದಲುತ್ತ ವಿವರಿಸಿದಳು.

"ಸಣ್ಣದೇನಾರ ಬಿದ್ದಿದ್ರೆ?"

"ಎಷ್ಟು ಸಣ್ಣದು ಅತ್ತೆ?"

ದೇವೀರಮ್ಮ ಮುಷ್ಟಿ ತೋರಿಸಿದಳು. "ನಮ್ಮತ್ತೆ ಬೆಳ್ಳಿ ಗಿಂಡಿ. ನಾನು ಮದ್ವೆಯಾಗಿ ಬಂದ ವರ್ಷ ಬೀಳಿಸ್ಬುಟ್ಟೆ. ಕಳ್ಳ ಹೊತ್ಕೊಂಡೋದ ಅಂದೆ. ಪಾಪ, ಸಾಯೋಗಂಟ ಕಳ್ಳಂಗೆ ಶಾಪ ಹಾಕ್ತಿದ್ರು."

ಸಾಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವನಜಾಕ್ಷಿ ನಗಲಿಲ್ಲ. "ಹಂಗಾದ್ರೆ ಒಂದು ಚುಕ್ಕೀನೂ ಬಿಡೋ ಹಂಗಿಲ್ಲ ಅತ್ತೆ. ಆ ಕಡೆ ಹಗ್ಗ ಹಿಡ್ಕೊಳಿ" ಅಂದಳು.

ಸಂಜೆಯವರೆಗೆ ನನ್ನ ಬೆನ್ನು ಮುರಿಯಿತು. ಬಿಟ್ಟ ಸಂದುಗಳಿಗೂ ಉಳಿದ ಸಾಲುಗಳಿಗೂ ಇಳಿದೆ. ಕೊನೆಗೆ ಕರ್ರಗಾಗಿದ್ದ ಗಿಂಡಿಯ ಮೂತಿ ಕೊಕ್ಕೆಗೆ ಸಿಕ್ಕಿತು. ದೇವೀರಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. "ಆ ಶಾಪವೆಲ್ಲ ನಂಗೇ ಅಲ್ವೇನೇ ಬಿದ್ದದ್ದು" ಅಂದಳು. ಸೊಸೆ ಹತ್ತಿರ ಹೋಗಿ ಕೂತಳು.

ಈಗ ಮನೆಮನೆಗೂ ನಲ್ಲಿ ಬಂದಿದೆ. ಬಾವಿಗಳಿಗೆ ಚಪ್ಪಡಿ ಮುಚ್ಚಿದ್ದಾರೆ. ನಾನು ಅಟ್ಟದ ಮೂಲೆಯಲ್ಲಿ ತುಕ್ಕು ಹಿಡಿದು ಕೂತಿದ್ದೇನೆ, ಮುಪ್ಪಿಗೆ ಬೇಸರವಿಲ್ಲ. ಆದರೆ ಬೀದಿಯ ಉಳಿದ ಬಾವಿಗಳಿಗೆ ಯಾರೂ ಚುಕ್ಕಿ ಇಡಲೇ ಇಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ. ಇಲ್ಲದ ಕಳ್ಳರು ಹೊತ್ತೊಯ್ದ ಗಿಂಡಿಗಳು ಅಲ್ಲಿ ಎಷ್ಟಿವೆಯೋ, ಆ ಮನೆಗಳಲ್ಲಿ ಇನ್ನೂ ಎಷ್ಟು ಜನ ಅತ್ತೆಯರು ತಮ್ಮ ಹಳೆಯ ತಪ್ಪನ್ನು ಮುಚ್ಚಿಟ್ಟುಕೊಂಡು ಸೊಸೆಯರನ್ನು ಬೈಯುತ್ತಲೇ ಇದ್ದಾರೋ.