ಡೈಲಾಗ್ ಹೊತ್ತ ಹದಿನೈದು ಕಿಲೋ

ಬೆನ್ನ ಮೇಲೆ ಹದಿನೈದು ಕಿಲೋ ಹೊತ್ತು, ಹನ್ನೆರಡು ಮಹಡಿಯ ಮೆಟ್ಟಿಲನ್ನು ಎಂಟೇ ನಿಮಿಷದಲ್ಲಿ ಹತ್ತುವ ಗಂಡು ನಿಮ್ಮ ಏಳು ತಲೆಮಾರಿನಲ್ಲಿ ಇದ್ದರೆ ಕರೆದುಕೊಂಡು ಬನ್ನಿ ಸ್ವಾಮಿ! ನಮ್ಮ ಹೀರೋ ಹತ್ತಿದ್ದಾನೆ. ಒಂದಲ್ಲ, ನಾಲ್ಕು ಸಲ. ಬಾಯಿ ತೆರೆದರೆ ಸಿನಿಮಾ ಮಾತೇ ಉದುರುತ್ತಿದ್ದುದರಿಂದ ಕಟ್ಟಡದವರೆಲ್ಲ ಅವನನ್ನು ಡೈಲಾಗ್ ಎಂದೇ ಕರೆಯುತ್ತಿದ್ದರು.

ಹತ್ತಿಸುತ್ತಿದ್ದವಳು ಅವನ ಅಕ್ಕ. ಹಿಮದ ಕಣಿವೆ ದಾಟುವವರಿಗೆ ದಾರಿ ತೋರಿಸುವುದೇ ಅವಳ ಕೆಲಸ. ಅಲ್ಲಿ ಫೋನಿಗೆ ಜೀವವಿರುವುದಿಲ್ಲ, ಡಾಕ್ಟರು ಸಿಗಬೇಕೆಂದರೆ ಎರಡು ದಿನ ನಡೆಯಬೇಕು. ಈ ವರ್ಷ ತಂಡದಲ್ಲಿ ಉಳಿದಿದ್ದು ಒಂದೇ ಜಾಗ.

"ಐದು ಸಲ ಹತ್ತು, ಕರ್ಕೊಂಡು ಹೋಗ್ತೀನಿ. ಭಾರಕ್ಕೆ ಅಂತ ಕಲ್ಲು ತುಂಬ್ಕೋಬೇಡ. ಅಲ್ಲಿ ಬೇಕಾಗೋದನ್ನೇ ಹೊರು. ನೀರು, ಗ್ಲೂಕೋಸ್, ಟಾರ್ಚು, ಸೀಟಿ, ಹಗ್ಗ" ಎಂದು ಪಟ್ಟಿ ಕೊಟ್ಟು, ಗಡಿಯಾರ ಹಿಡಿದು ತಾರಸಿಯ ಬಾಗಿಲಲ್ಲಿ ಕೂತಿದ್ದಳು.

ಹೀರೋ ಹೇಗೆ ಹತ್ತಿದ ಅಂತೀರಾ? ಲಿಫ್ಟಿನಲ್ಲಿ. ಹನ್ನೊಂದನೇ ಮಹಡಿಯಲ್ಲಿ ಇಳಿದು, ಗೋಡೆಗೊರಗಿ ಹೊತ್ತು ಕಳೆದು, ಬಾಟಲಿ ನೀರನ್ನು ಬೆವರಿನಂತೆ ಮುಖಕ್ಕೆ ಚಿಮುಕಿಸಿಕೊಂಡು, ಕೊನೆಯ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಏರುತ್ತಿದ್ದ. ಚೀಲದಲ್ಲಿ ಏನಿತ್ತು ಎಂಬುದು ಆಮೇಲೆ ಗೊತ್ತಾಗುತ್ತದೆ.

ಐದನೇ ಸಲ ಲಿಫ್ಟಿನಲ್ಲಿ ಅದೇ ಕಟ್ಟಡದ ದರ್ಜಿ ಅಜ್ಜಿಯೂ ಇದ್ದಳು. ಏಳನೇ ಮಹಡಿ ದಾಟುತ್ತಿದ್ದಂತೆ ಒಂದು ಜರ್ಕು. ಕರೆಂಟು ಹೋಗಿ ಫ್ಯಾನ್ ನಿಂತಿತು. ತಲೆಯ ಮೇಲೆ ಬೆರಳುದ್ದದ ದೀಪವೊಂದು ಉಳಿಯಿತು. ಇಬ್ಬರು ನಿಂತರೆ ಮೊಣಕೈಗೆ ಮೊಣಕೈ ತಾಗುವಷ್ಟು ಜಾಗ. ಡೈಲಾಗ್ ಬಾಗಿಲ ಸಂದಿಗೆ ಬೆರಳು ತೂರಿಸಿ ಎಳೆದ. ಒಂದು ಕೂದಲಿನಷ್ಟೂ ಸರಿಯಲಿಲ್ಲ. ನಾಲ್ಕೂ ಗೋಡೆ ಹತ್ತಿರ ಬಂದಂತಾಯಿತು.

"ಮಗಾ, ಕೈ ನಡುಗ್ತಿದೆ ಕಣೋ" ಎಂದಳು ಅಜ್ಜಿ. "ಶುಗರ್ ಇಂಜೆಕ್ಷನ್ ತಗೊಂಡೆ, ತಿನ್ನೋದು ಮರ್ತೆ."

"ಅಜ್ಜೀ, ಈ ಡೈಲಾಗ್ ಇರೋವರ್ಗೂ ಸಾವು ಕೂಡ ಪರ್ಮಿಶನ್ ಕೇಳ್ಕೊಂಡೇ ಒಳಗೆ ಬರ್ಬೇಕು!"

"ಬಾಗಿಲೇ ತೆಗೀತಿಲ್ಲ, ಅದು ಎಲ್ಲಿಂದ ಬರುತ್ತೆ? ಮಾತು ಸಾಕು, ಚೀಲ ಬಿಚ್ಚು. ಗ್ಲೂಕೋಸ್ ಹೊರ್ಸಿ ಹತ್ತಿಸ್ತಿದೀನಿ ಅಂತ ನಿಮ್ಮಕ್ಕ ಹೇಳಿದ್ಳು."

ಜಿಪ್ ಎಳೆದದ್ದೇ ತಡ, ಮೂರು ದಿಂಬು ಉಸಿರು ಬಿಟ್ಟಂತೆ ಹೊರಗೆ ಉಬ್ಬಿದವು.

"ಏನೋ ಇದು?"

"ದಿಂಬು, ಅಜ್ಜಿ."

"ದಿಂಬು ಅಂತ ನಂಗೂ ಗೊತ್ತು, ಕವರ್ ಹೊಲ್ದಿದ್ದೇ ನಾನು. ಹಿಮದಲ್ಲಿ ನಿದ್ದೆ ಹೊಡೆಯೋಕೆ ಹೋಗ್ತಿದೀಯಾ? ಒಂದು ಗುಟುಕು ನೀರಾದ್ರೂ ಕೊಡು."

ಬಾಟಲಿ ಅಲುಗಾಡಿಸಿದ. ನೀರೆಲ್ಲ ಆಗಲೇ ಬೆವರಾಗಿ ಖರ್ಚಾಗಿತ್ತು. ಅಜ್ಜಿ ಗೋಡೆ ಹಿಡಿದು ಮೆಲ್ಲಗೆ ಕುಸಿದು ಕೂತಳು. ಮಾತು ತೊದಲತೊಡಗಿತು. ಡೈಲಾಗ್ ತಡಮಾಡಲಿಲ್ಲ. ಎಮರ್ಜೆನ್ಸಿ ಗಂಟೆಯನ್ನು ಒತ್ತಿ ಹಿಡಿದ. ಕಟ್ಟಡವೆಲ್ಲ ಮೊಳಗಿತು.

ಅಕ್ಕ ನಾಲ್ಕು ಮಹಡಿ ಹಾರಿಕೊಂಡೇ ಇಳಿದಳು. ವಾಚ್‌ಮನ್ ಕೀಲಿ ತಂದು ಎಂಟನೇ ಮಹಡಿಯ ಬಾಗಿಲು ತೆಗೆದ. ಅಜ್ಜಿಗೆ ಶುಗರ್ ಇಳಿದಿದೆ ಎಂದು ತಿಳಿದೊಡನೆ, ತಲೆಯ ಮಟ್ಟದಲ್ಲಿ ಸಿಕ್ಕಿದ ಗೇಣಗಲದ ಸಂದಿಯಿಂದ ಅಕ್ಕನ ಕೈ ಗ್ಲೂಕೋಸ್ ಪೊಟ್ಟಣ ಹಿಡಿದು ಒಳಗೆ ಬಂತು. ಅಜ್ಜಿ ನೆಕ್ಕಿದಳು. ಕಾಲು ಗಂಟೆಯಲ್ಲಿ, ಕರೆಂಟು ಬರುವಷ್ಟರಲ್ಲಿ, ವಾಚ್‌ಮನ್‌ನನ್ನು ಬೈಯುವಷ್ಟು ಚೇತರಿಸಿಕೊಂಡಿದ್ದಳು.

ಅಕ್ಕ ದಿಂಬುಗಳನ್ನು ನೋಡಿದಳು, ಅವನನ್ನು ನೋಡಿದಳು.

"ಥೂ ನಿನ್ನ! ಭಾನುವಾರ ಮತ್ತೆ ಹತ್ತು, ನಾನೂ ಹಿಂದೇನೇ ಬರ್ತೀನಿ. ಮೆಟ್ಟಿಲು ಹತ್ತೋದನ್ನ ಯಾರಿಗೆ ಬೇಕಾದ್ರೂ ಕಲಿಸ್ಬಹುದು ಕಣೋ. ಕಷ್ಟ ಬಂದಾಗ ತಕ್ಷಣ ಗಂಟೆ ಒತ್ತಬೇಕು ಅಂತ ಹೊಳೀತಲ್ಲ, ಅದಕ್ಕೇ ನಿನ್ನ ಜಾಗ ಇನ್ನೂ ಇಟ್ಟಿದೀನಿ."

ಆ ಸಂಜೆಯೇ ಅವನು ತಂಡದ ಪಟ್ಟಿಯಿಂದ ತನ್ನ ಹೆಸರನ್ನು ತಾನೇ ಹೊಡೆದುಹಾಕಿದ. ಅಕ್ಕ ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ. ಚಳಿಗೆ ಹೆದರಿದ ಅಂತ ಕಟ್ಟಡದವರೆಲ್ಲ ನಕ್ಕರು.

ಇಷ್ಟು ಹೊತ್ತು ಅವನ ಪರವಾಗಿ ಕೊಚ್ಚಿಕೊಂಡವನು ನಾನು, ನಿಜವನ್ನೂ ನಾನೇ ಹೇಳಬೇಕು. ಲಿಫ್ಟು ನಿಂತ ಕ್ಷಣವೇ ಅವನಿಗೆ ಗಂಟೆಯ ಗುಂಡಿ ಕಂಡಿತ್ತು. ಒತ್ತಿದರೆ ಅಕ್ಕ ಬರುತ್ತಾಳೆ, ಬಂದರೆ ಲಿಫ್ಟು ಹತ್ತಿದ್ದು ಗೊತ್ತಾಗುತ್ತದೆ. ಅದಕ್ಕೇ ಗುಂಡಿಯನ್ನು ಬೆನ್ನಿನಿಂದ ಮರೆಮಾಡಿಕೊಂಡು ನಿಂತು, ಕರೆಂಟು ತಾನಾಗೇ ಬರಲಿ ಎಂದು ಹತ್ತು ನಿಮಿಷ ಸಿನಿಮಾ ಮಾತು ಹೊಡೆಯುತ್ತಿದ್ದ. ಗಂಟೆ ಒತ್ತಿದ್ದು ಅಜ್ಜಿ. ನಡುಗುವ ಕೈಯಿಂದ ಅವನನ್ನು ಪಕ್ಕಕ್ಕೆ ತಳ್ಳಿ.

ಯಾರಿಗೂ ಅವಳು ಈ ಮಾತು ಹೇಳಿಲ್ಲ.