ಮೋಸೆಸ್ ಯಾವ ಬಳಿ?

ಶಿರಾಲಿಯ ನೂರಾ ನಲವತ್ತು ಮನೆಗಳಿಗೆ ಕೇಬಲ್ ಎಳೆದಿದ್ದ ಸಂಜಯ, 2004ರ ಏಪ್ರಿಲ್‌ನಲ್ಲಿ ತನ್ನ ವಿಡಿಯೋ ಚಾನೆಲ್ಲಿನ ಮಧ್ಯಾಹ್ನದ ಸಿನಿಮಾ ನಿಲ್ಲಿಸಿ ಒಂದು ಇಂಗ್ಲಿಷ್ ಧಾರಾವಾಹಿ ಹಾಕತೊಡಗಿದ. ಊರಿಗೆ ಇಂಗ್ಲಿಷ್ ಕಲಿಸುವ ಉಮೇದು ಅವನಿಗೇನೂ ಇರಲಿಲ್ಲ. ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ತಂಗಿ ಧನ್ಯಾ, ಅಲ್ಲಿಯೇ ಲ್ಯಾಬಿನಲ್ಲಿ ಕೆಲಸ ಮಾಡುವ ಉಗಾಂಡಾದ ಮೋಸೆಸ್‌ನನ್ನು ಮದುವೆಯಾಗುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದಳು. "ಅಜ್ಜಿನ ನೀನೇ ಒಪ್ಪಿಸ್ಬೇಕು ಅಣ್ಣಾ. ಅವಳು ಬ್ಯಾಡ ಅಂದ್ರೆ ನಾ ಇನ್ನು ಊರಿಗೇ ಬರೂದಿಲ್ಲ" ಎಂದು ಇಟ್ಟುಬಿಟ್ಟಿದ್ದಳು.

ಅಪ್ಪ ತಿಮ್ಮಪ್ಪನನ್ನು ಕೇಳಿ ಪ್ರಯೋಜನವಿರಲಿಲ್ಲ. ಹೊಸ ಅಂಗಿ ಹೊಲಿಸಲಿಕ್ಕೂ ತನ್ನ ಅಬ್ಬೆಯ ಮುಖ ನೋಡುವ ಮನುಷ್ಯ. ಆ ಮನೆಯಲ್ಲಿ ಹೂಂ, ಊಹೂಂ ಎರಡೂ ಗಂಗಜ್ಜಿಯ ಬಾಯಲ್ಲೇ ಇದ್ದವು.

ಸಂಜಯ ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿ ಸಿ.ಡಿ. ತಂದ. ಕರಿಯ ಡಾಕ್ಟರು, ಬಿಳಿ ಟೀಚರು, ಅವರ ಪ್ರೇಮ. ನೋಡಿ ನೋಡಿ ಅಜ್ಜಿಗೆ ರೂಢಿಯಾದ ಮೇಲೆ ಮಾತು ತೆಗೆಯುವುದು ಅವನ ಉಪಾಯ. ಅವನ ಇಂಗ್ಲಿಷೂ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಮುಗ್ಗರಿಸಿದ್ದೇ. ಆದರೂ ಅಜ್ಜಿಗೂ ಪಕ್ಕದ ಮನೆ ಕಮಲಿಗೂ ನಡುವೆ ಕೂತು ಧೈರ್ಯವಾಗಿ ಕನ್ನಡದಲ್ಲಿ ಹೇಳುತ್ತಿದ್ದ.

"ಎಂತ ಹೇಳ್ತ ಅವ?" ಎಂದಳು ಕಮಲಿ.

"ಊಟ ಆತಾ ಕೇಳ್ತಿದ್ದ."

"ಊಟ ಆತಾ ಕೇಳುಕೆ ಕೈ ಎಂತಕೆ ಹಿಡಿಬೇಕು ಮಾರಾಯಾ?"

"ಅವರಲ್ಲಿ ಹಾಂಗೇ."

ನಾಲ್ಕು ದಿನ ಸುಸೂತ್ರವಾಗಿ ಹೋಯಿತು. ಐದನೇ ದಿನ ಡಾಕ್ಟರು ಹೂವು ಹಿಡಿದುಕೊಂಡು ಹುಡುಗಿಯ ಮನೆಗೆ ಬಂದ. ಹುಡುಗಿಯ ಅಪ್ಪ ಮುಖ ಕೆಂಪಗೆ ಮಾಡಿಕೊಂಡು ಅಬ್ಬರಿಸಿ, ಅವನ ಮೂಗಿನೆದುರೇ ಧಡಾರನೆ ಬಾಗಿಲು ಹಾಕಿದ.

"ಎಂತ ಆತು?"

"ಸೊಳ್ಳೆ ಬತ್ತದೆ, ಬಾಗಿಲು ಹಾಕ್ತೆ ಅಂದ," ಎಂದ ಸಂಜಯ.

"ಬಂದವನ್ನ ಹೊರಗೇ ಇಟ್ಟು?"

"ಸೊಳ್ಳೆ ಅವನ ಸಂಗಡವೇ ಬಂದಿತ್ತು ಕಮಲಕ್ಕಾ."

ಗಂಗಜ್ಜಿ ಎದ್ದುಹೋಗಿ ಎಲೆಯಡಿಕೆಯ ಕವಳ ಉಗುಳಿ ಬಂದಳು.

"ತಮಾ, ನಂಗೆ ಇಂಗ್ಲೀಷು ಬರೂದಿಲ್ಲ. ಆದ್ರೆ ಬಾಗಿಲು ಹಾಕಿದ್ದು ತಿಳಿತದೆ. ಹುಡುಗ ಕಪ್ಪು ಹೇಳಿ ಆ ಮುದುಕಂಗೆ ತ್ರಾಸು. ಹೌದಲ್ದಾ?"

"ಹೌದು."

"ಬುದ್ಧಿ ಇಲ್ಲದವ. ನಿನ್ನ ಅಜ್ಜ ಎಂತ ಬೆಳ್ಳಗಿದ್ನಾ? ದೋಸೆ ಕಾವಲಿ ಪಕ್ಕ ಕೂತ್ರೆ ಕಾವಲಿ ಯಾವುದು ಹೇಳಿ ಕೇಳ್ಬೇಕಿತ್ತು. ಅದಿರ್ಲಿ, ನಮ್ಮ ಧನ್ಯಾ ಯಾರನ್ನ ನೋಡ್ಕಂಡಾಳೆ?"

ಸಂಜಯ ಟೀವಿಯ ಸದ್ದು ಪೂರ್ತಿ ಇಳಿಸಿದ. "ನಿಂಗೆ ಹ್ಯಾಂಗೆ ಗೊತ್ತಾತು?"

"ನೀ ಹುಟ್ಟಿದಾಗಿಂದ ನನ್ನ ಹತ್ರ ಒಂದು ತಾಸು ಕೂತವ ಅಲ್ಲ. ಈಗ ಐದು ದಿನ ಆತು, ಇದೊಂದೇ ಕತೆ ತೋರಿಸ್ತಾ ಎಬ್ಬಿಸಿದ್ರೂ ಏಳೂದಿಲ್ಲ. ಪರದೇಶದಲ್ಲಿ ಇದ್ದವಳು ಅವಳೊಬ್ಬಳೇ ಅಲ್ದಾ?"

ಸಂಜಯ ಎಲ್ಲ ಹೇಳಿದ. ಫೋಟೋ ತೋರಿಸಿದ.

"ಹೆಸರು ಮೋಸೆಸ್."

"ಮೋಸ ಹೇಳಿ ಯಾರಾದ್ರೂ ಹೆಸರಿಡ್ತ್ರಾ?" ಅಜ್ಜಿ ಫೋಟೋವನ್ನು ಬೆಳಕಿಗೆ ಹಿಡಿದಳು. "ಹಲ್ಲು ಚಲೋ ಇದೆ. ಯಾವ ಬಳಿ?"

ಸಂಜಯನಿಗೆ ನಗು ಬಂತು. ಬಳಿ ಅಂದರೆ ಕುಲ. ಇವರದು ಕಡವೆ ಬಳಿ. ಕಡವೆಯ ಮಾಂಸ ಈ ಮನೆಯ ಹೊಸ್ತಿಲು ದಾಟುವಂತಿಲ್ಲ. ಕಡವೆ ಬಳಿಯವರೆಲ್ಲ ತಮ್ಮತಮ್ಮಲ್ಲಿ ಅಣ್ಣ ತಂಗಿಯರು, ಮದುವೆ ಸಲ್ಲ. ಹೊನ್ನಾವರದ ಒಂದು ಬಂಗಾರದಂಥ ಸಂಬಂಧವನ್ನು ಇದೇ ಕಾರಣಕ್ಕೆ ಚಪ್ಪರ ಹಾಕಿದ ಮೇಲೆ ಮುರಿದವಳು ಗಂಗಜ್ಜಿ.

"ಆಫ್ರಿಕಾದವ ಅಜ್ಜೀ. ಅವರಿಗೆಲ್ಲಿಯ ಬಳಿ?"

"ಬಳಿ ಇಲ್ಲದ ಮನುಷ್ಯ ಇರ್ತ್ನಾ? ಕೇಳು."

ಮರುದಿನ ಧನ್ಯಾ ನಗುತ್ತಲೇ ಫೋನು ಮಾಡಿದಳು. "ಅವರಲ್ಲೂ ಇದೆ ಅಣ್ಣಾ! ಒಂದೊಂದು ಕುಲಕ್ಕೆ ಒಂದೊಂದು ಪ್ರಾಣಿ. ಅದನ್ನ ತಿನ್ನೂದಿಲ್ಲ, ಅದೇ ಕುಲದಲ್ಲಿ ಮದುವೆ ಆಗೂದಿಲ್ಲ. ಅಜ್ಜಿ ಕೇಳಿದ್ಲು ಅಂದದ್ದಕ್ಕೆ ಅವಂಗೆ ಎಷ್ಟು ಖುಷಿ ಆತು ಗೊತ್ತಾ?"

"ಅವಂದು ಯಾವ ಪ್ರಾಣಿ?"

"ಬುಷ್‌ಬಕ್ ಅಂತೆ. ಕಾಡಿಂದು. ಜಿಂಕೆ ತರ, ಕೊಂಬು ಇರ್ತದಂತೆ..." ಧನ್ಯಾಳ ನಗು ಅಲ್ಲಿಗೇ ನಿಂತಿತು. "ಅಣ್ಣಾ, ಅದು ಕಡವೆ ಅಲ್ಲ ಅಲ್ದಾ?"

ಹಿಂದೆ ನಿಂತು ರಿಸೀವರಿಗೆ ಕಿವಿ ತಾಗಿಸಿದ್ದ ಗಂಗಜ್ಜಿ ರಿಸೀವರು ಕಸಿದುಕೊಂಡಳು. "ಅಯ್ಯೋ ದೇವರೇ, ಅವ ಅಣ್ಣ ಆದ್ನಲ್ಲೇ! ಬಣ್ಣ ಎಂತದಾದ್ರೂ ಅಡ್ಡಿಲ್ಲ, ಅಣ್ಣನ್ನ ಮದುವೆ ಆಗುಕೆ ನಾ ಬಿಡೂದಿಲ್ಲ."

"ಸಮುದ್ರದಾಚೆ ಒಬ್ಬ ಮೊಮ್ಮಗ ಸಿಕ್ಕಿದ ಹೇಳಿ ತಿಳ್ಕ," ಎಂದು ಕಮಲಿ ಸಮಾಧಾನ ಹೇಳಲು ಬಂದು ಬೈಸಿಕೊಂಡಳು.

ಸಂಜಯ ಮತ್ತೆ ಭಟ್ಕಳಕ್ಕೆ ಓಡಿದ. ಈ ಸಲ ತಂದದ್ದು ಆಫ್ರಿಕಾದ ಕಾಡುಪ್ರಾಣಿಗಳ ಸಿ.ಡಿ. ಡಾಕ್ಟರನ ಮದುವೆ ನೋಡಲು ಕಾದಿದ್ದ ನೂರಾ ನಲವತ್ತು ಮನೆಯವರ ಟೀವಿಯಲ್ಲಿ ಸಿಂಹ ಆಕಳಿಸಿತು. ಫೋನು ಹೊಡೆದುಕೊಳ್ಳುತ್ತಲೇ ಇತ್ತು; ಸಂಜಯ ಎತ್ತಲಿಲ್ಲ. ಆನೆ, ಜಿರಾಫೆ ಎಲ್ಲ ದಾಟಿ ಕೊನೆಗೆ ಪೊದೆಯಿಂದ ಕಂದು ಮೈಯ, ಬಿಳಿ ಚುಕ್ಕೆಯ ಒಂದು ಪ್ರಾಣಿ ತಲೆ ಹೊರಹಾಕಿತು.

"ನಿಲ್ಸು!" ಗಂಗಜ್ಜಿ ಎದ್ದು ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಕೊಂಬಿನ ಮೇಲೆ ಬೆರಳಾಡಿಸಿದಳು. "ಕಡವೆ ಕೊಂಬಿಗೆ ಕವಲು ಇರ್ತದೆ. ಇದಕ್ಕೆಲ್ಲಿದೆ? ಒಂದು ತಿರುಪು, ಅಷ್ಟೇ. ತಮಾ, ಕಡವೆ ಕೊಂಬಿನ ಹಾಂಗೆ ಇದೂ ವರ್ಷಕ್ಕೊಮ್ಮೆ ಉದುರ್ತದಾ ಕೇಳು."

ಸಂಜಯ ಅದೇ ಜಾಗವನ್ನು ಮೂರು ಸಲ ಹಿಂದೆ ಮುಂದೆ ಮಾಡಿ ಕಿವಿಗೊಟ್ಟು ಕೇಳಿದ. "ಉದುರೂದಿಲ್ಲ ಅಂತ."

"ಸೊಳ್ಳೆ ಕತೆ ಅಲ್ಲ ಅಲ್ದಾ?"

"ದೇವರಾಣೆ ಅಜ್ಜೀ."

"ಹಾಂಗಾರೆ ಇದು ಕಡವೆ ಅಲ್ಲ, ಆಡಿನ ಪೈಕಿ. ಆಗ್ತದೆ. ಇಬ್ಬರಿಗೂ ಬರುಕೆ ಹೇಳು. ನಾ ಬಾಗಿಲು ತೆಗೆದೇ ಇಡ್ತೆ, ಸೊಳ್ಳೆ ಬಂದ್ರೂ ಬರ್ಲಿ."

ಸಂಜಯ ಫೋನಿಗೆ ಹಾರಿದ. ಅಜ್ಜಿ ಮೂಲೆಯಲ್ಲಿದ್ದ ಮಗನ ಕಡೆ ತಿರುಗಿದಳು. "ತಿಮ್ಮಪ್ಪಾ, ಇನ್ನು ಈ ಮನೆಲಿ ಆಡಿನ ಮಾಂಸ ಮಾಡುಕಿಲ್ಲ. ಅಳಿಯನ ಬಳಿ ಅದು."

ಹುಟ್ಟಿದಾಗಿನಿಂದ ಅಬ್ಬೆಗೆ ಎದುರು ಹೇಳದ ತಿಮ್ಮಪ್ಪ ಕುರ್ಚಿಯಿಂದ ಅರ್ಧ ಎದ್ದ. "ಅಬ್ಬೇ, ಪೈಕಿ ಅಷ್ಟೇ ಅಲ್ದಾ? ಇನ್ನೊಂದ್ಸಲ ಸಮಾ ನೋಡು. ಸಂಜಯಾ, ಆ ಸಿ.ಡಿ. ತಿರುಗಿ ಹಾಕಾ!"