ಅವ್ವ ತಗೊಳ್ಳದ ರಜೆ

ಗಂಗಾಳ ತಾಯಿ ಸಾವಿತ್ರೆವ್ವ ಕಟಕೋಳದ ಕಡೆ ಸರ್ಕಾರಿ ನರ್ಸ್ ಆಗಿದ್ದಳು. ನಿವೃತ್ತಿ ಹತ್ತಿರ ಬಂದಿರುವಾಗಲೇ ಎದೆನೋವಿನಿಂದ ತೀರಿಕೊಂಡಳು. ಅವಳು ಬಳಸದೆ ಉಳಿಸಿದ್ದ ಗಳಿಕೆ ರಜೆಯ ಹಣ ಒಬ್ಬಳೇ ಮಗಳಾದ ಗಂಗಾಳ ಖಾತೆಗೆ ಬಂತು. ಆದರೆ ಅದರಲ್ಲಿ ಆದಾಯ ತೆರಿಗೆ ಮುರಿದುಕೊಂಡಿದ್ದರು.

ಬೈಲಹೊಂಗಲದಲ್ಲಿ ಗಂಗಾಳ ಟೇಲರಿಂಗ್ ಅಂಗಡಿಯ ಪಕ್ಕದಲ್ಲೇ ತೆರಿಗೆ ಸಲಹೆಗಾರ ನಿಜಗುಣಪ್ಪನವರ ಆಫೀಸು. ಅವರು ಕಾಗದ ನೋಡಿ ಹಣೆ ಚಚ್ಚಿಕೊಂಡರು.

"ನೌಕರಿಯೊಳಗಿದ್ದಾಗ ತೀರಿಕೊಂಡವರ ರಜಾದ ರೊಕ್ಕ ವಾರಸುದಾರರಿಗೆ ಬಂದ್ರ ಟ್ಯಾಕ್ಸ್ ಇಲ್ಲವಾ ತಂಗಿ. ನಿಮ್ಮವ್ವನ ಆಫೀಸಿನವರು ನಿನಗ ಪಗಾರ ಕೊಟ್ಟೇವಂತ ತೋರಿಸ್ಯಾರ."

"ನಾ ಯಾವಾಗ ನೌಕರಿ ಮಾಡೇನ್ರಿ ಕಾಕಾ?"

"ಅದನ್ನ ಅವರನ್ನ ಕೇಳು. ಮೊದಲ ಅವರು ತಿದ್ದಲಿ. ಆಮ್ಯಾಲೆ ನಾ ವಾಪಸ್ ತರಸ್ತೇನಿ."

ಗಂಗಾ ಅಂಗಡಿ ಮುಚ್ಚಿ, ಸವದತ್ತಿಯಲ್ಲಿ ಬಸ್ಸು ಬದಲಿಸಿ, ರಾಮದುರ್ಗದಲ್ಲಿದ್ದ ಅವ್ವನ ಇಲಾಖೆಯ ಕಚೇರಿಗೆ ಹೋದಳು. ಗುಮಾಸ್ತ ಮಾಂತೇಶ ಸರ್ವರ್ ಇಲ್ಲವೆಂದ. ಮತ್ತೆ ಹೋದಾಗ ಸಾಹೇಬರು ರಜೆಯ ಮೇಲಿದ್ದಾರೆಂದ. ಮದುವೆ ಸೀಸನ್ನಿನಲ್ಲಿ ಬ್ಲೌಸ್‌ಗಳು ಹೊಲಿಯದೆ ಉಳಿದವು. ಗಿರಾಕಿಗಳು ಬಾಗಿಲಿಗೆ ಬಂದು ಬೈದು ಹೋದರು. ಮತ್ತೊಂದು ಸಲ ಹೋದಾಗ ಮಾಂತೇಶ ತಲೆ ಎತ್ತದೆ ಹೇಳಿದ:

"ನಿಮ್ಮ ಹೆಸರಿಗೆ ಬಂದ ರೊಕ್ಕ ನಿಮ್ಮ ಪಗಾರನ, ಅಕ್ಕಾರ. ಸಿಸ್ಟಮ್‌ನ್ಯಾಗ ಹಂಗ ಐತಿ."

"ಹಂಗಾರ ನನ್ನ ಕುರ್ಚಿ ಎಲ್ಲೈತಿ ತೋರಸ್ರಿ. ನಾಳಿಯಿಂದ ಡ್ಯೂಟಿಗೆ ಬರತೇನಿ."

ಆಚೀಚೆಯವರು ನಕ್ಕರು. ಗಂಗಾಳಿಗೆ ಕಣ್ಣಿಗೆ ಕತ್ತಲೆ ಕವಿಯುವಷ್ಟು ಸಿಟ್ಟು ಬಂತು.

"ನಗಬ್ಯಾಡ್ರಿ! ಊರ ಮಂದಿ ಹೆರಿಗಿ ಮಾಡಸ್ಕೋತ ಕುಂತ ನಮ್ಮವ್ವ ನನ್ನ ಬಾಣಂತನಕ್ಕ ಬರ್ಲಿಲ್ಲ. ನಮ್ಮಪ್ಪ ಸಾಯೂಮುಂದ ಹಾಸಿಗಿ ಹಿಡದಾಗೂ ರಜಾ ಹಾಕ್ಲಿಲ್ಲ. ಯಾವಾಗ ಕೇಳಿದ್ರೂ ಮುಂದ ತಗೋತೇನಿ ಅಂತಿದ್ಲು. ಅದು ಆಕಿ ಉಳಿಸಿದ ರಜಾರಿ. ನನ್ನ ಪಗಾರ ಅಂತೀರಲ್ಲ, ನಾ ಏನ್ ದುಡದೇನ್ರಿ ಅದಕ್ಕ?"

ಮಾಂತೇಶ ದನಿ ತಗ್ಗಿಸಿದ.

"ತಪ್ಪು ನಮ್ಮದ ಐತ್ರಿ. ತಿದ್ದಾಕ ಹೋದ್ರ ಮ್ಯಾಲಿನವರು ನನ್ನ ಹಿಡಕೊಂಡು ಕೇಳತಾರ."

"ಕೇಳಲಿ. ರೊಕ್ಕ ಮುರಿಯೂಮುಂದ ನನ್ನ ಯಾರರೆ ಕೇಳ್ಯಾರೇನು?"

ಅವಳು ಏಳಲಿಲ್ಲ. ಊಟದ ಹೊತ್ತಿಗೂ ಅಲ್ಲೇ ಕೂತಿದ್ದಳು. ಕೊನೆಗೆ ಮಾಂತೇಶ ಕಾಗದ ಹಿಡಿದು ಸಾಹೇಬರ ಕೋಣೆಗೆ ಹೋದ. ಒಳಗೆ ಬೈಸಿಕೊಂಡದ್ದು ಹೊರಗೆ ಕೇಳಿಸಿತು. ಸಂಜೆಯಷ್ಟರಲ್ಲಿ ತಿದ್ದುಪಡಿ ಕಳಿಸಿದ್ದಕ್ಕೆ ರಸೀದಿ ಕೊಟ್ಟ.

ಬಸ್ ನಿಲ್ದಾಣದಲ್ಲಿದ್ದಾಗ ಗಂಡ ಶ್ರೀಶೈಲನ ಫೋನು ಬಂತು.

"ಕೆಲಸ ಆತೇನು?"

"ಆತು."

"ಮತ್ತ್ಯಾಕ ಅಳಾಕ ಹತ್ತಿ?"

"ಅವ್ವ ಒಂದ ವಾರ ಬಂದು ನನ್ನ ಕೂಡ ಇದ್ದಿದ್ರ ಏನಾಗತಿತ್ರಿ ಆಕಿಗೆ?"

"ನೀ ಮೊದಲ ಬಸ್ ಹತ್ತು," ಎಂದ ಶ್ರೀಶೈಲ.

ಬೇಸಿಗೆ ಮುಗಿಯುವ ಹೊತ್ತಿಗೆ ಹಣ ಮರಳಿತು. ನಿಜಗುಣಪ್ಪನವರು ಅಂಗಡಿಗೇ ಬಂದು, "ಗೆದ್ದಿ ನೋಡವಾ," ಎಂದರು. ಗಂಗಾ ಅವರಿಗೆ ಚಹಾ ತರಿಸಿದಳು. ಗೆದ್ದಂತೇನೂ ಅವಳಿಗೆ ಅನಿಸಲಿಲ್ಲ.